ಹೆಸರು ಎಫ್‌ಎಂ, ಒಳಗೆ ಅರ್ಧ ಪಿಎಂ: ರೇಡಿಯೋ ಅಲೆಯ ಅವಳಿಗಳ ಕಥೆ

ಆಕಾಶವಾಣಿಯ ಎಫ್‌ಎಂ ರೇನ್‌ಬೋ ಬೇಕೆಂದರೆ ಬೆಂಗಳೂರಿನಲ್ಲಿ 101.3, ಮುಂಬೈಯಲ್ಲಿ 107.1, ದೆಹಲಿಯಲ್ಲಿ 102.6, ಚೆನ್ನೈಯಲ್ಲಿ 101.4, ಹೈದರಾಬಾದಿನಲ್ಲಿ 101.9. ಕೆಲಸಕ್ಕೆಂದು ಊರಿಂದ ಊರಿಗೆ ಹೋದವರು ರೇಡಿಯೋ ಹಚ್ಚಿದಾಗ ಹೊಸದಾಗಿ ಕಲಿಯಬೇಕಾದ್ದು ಈ ಸಂಖ್ಯೆಗಳನ್ನು. ಸಂಖ್ಯೆ ಬದಲಾದರೂ ಅದರ ಜೊತೆಗಿರುವ 'ಎಫ್‌ಎಂ' ಎಂಬ ಹೆಸರು ಮಾತ್ರ ಎಲ್ಲ ಕಡೆ ಒಂದೇ.

ಎಫ್‌ಎಂ ಎಂದರೆ ಫ್ರೀಕ್ವೆನ್ಸಿ ಮಾಡ್ಯುಲೇಷನ್. ಇದಕ್ಕೆ ಒಬ್ಬ ಅವಳಿ ತಮ್ಮನಿದ್ದಾನೆ, ಅವನ ಹೆಸರು ಪಿಎಂ. ಇದು ದೆಹಲಿಯ ಪಿಎಂ ಅಲ್ಲ, ಫೇಸ್ ಮಾಡ್ಯುಲೇಷನ್! ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ 'ವ್ಯತ್ಯಾಸ ಬರೆಯಿರಿ' ಎಂದು ಕೇಳುತ್ತಾರೆ. ಅಂಕ ಸಿಕ್ಕಮೇಲೆ ಪಿಎಂ ಮರೆತುಹೋಗುತ್ತದೆ, ಏಕೆಂದರೆ ರೇಡಿಯೋದ ಮೇಲೆಲ್ಲೂ ಆ ಹೆಸರು ಕಾಣುವುದಿಲ್ಲ.

ಆದರೆ ಸಂಗತಿ ಬೇರೆಯೇ ಇದೆ. ಜಗತ್ತಿನ ಮೊದಲ ಯಶಸ್ವಿ ಎಫ್‌ಎಂ ಪ್ರಸಾರ ಹುಟ್ಟಿದ್ದೇ ಪಿಎಂನ ಹೊಟ್ಟೆಯಲ್ಲಿ. ಇಂದು ನಾವು ಕೇಳುವ ಎಫ್‌ಎಂ ಹಾಡಿನಲ್ಲೂ ಒಂದು ಭಾಗ ಬರುವುದು ಪಿಎಂನ ರೀತಿಯಲ್ಲೇ. ಅದು ಹೇಗೆ?

ಅಲೆಯ ಬೆನ್ನೇರುವ ಹಾಡು

ಮಾತಾಗಲಿ, ಹಾಡಾಗಲಿ ತಾನಾಗಿಯೇ ಆಕಾಶದಲ್ಲಿ ನೂರಾರು ಕಿಲೋಮೀಟರ್ ಹೋಗಲಾರದು. ಅದನ್ನು ಹೊತ್ತೊಯ್ಯಲು ಒಂದು ರೇಡಿಯೋ ಅಲೆ ಬೇಕು. ಇದಕ್ಕೆ ವಾಹಕ ಅಲೆ, ಅಂದರೆ ಕ್ಯಾರಿಯರ್ ಎಂದು ಹೆಸರು. ಬೆಂಗಳೂರಿನ 101.3 ಮೆಗಾಹರ್ಟ್ಜ್ ಎಂದರೆ ಆ ಅಲೆ ಸೆಕೆಂಡಿಗೆ 10 ಕೋಟಿ 13 ಲಕ್ಷ ಬಾರಿ ಮೇಲೆ ಕೆಳಗೆ ಆಡುತ್ತದೆ ಎಂದರ್ಥ. ಇದೇ ಅದರ ಕಂಪನಾಂಕ, ಇಂಗ್ಲಿಷಿನವರ ಫ್ರೀಕ್ವೆನ್ಸಿ.

ಈ ಅಲೆಯ ಮೇಲೆ ಹಾಡನ್ನು ಕೂರಿಸಬೇಕಾದರೆ ಅಲೆಯಲ್ಲಿ ಏನನ್ನಾದರೂ ಹಾಡಿಗೆ ತಕ್ಕಂತೆ ಬದಲಿಸಬೇಕು. ಅಲೆಯ ಎತ್ತರವನ್ನು ಬದಲಿಸಿದರೆ ಅದು ಎಎಂ. ಮಧ್ಯಮ ತರಂಗದಲ್ಲಿ ಕೇಳುವ ಆಕಾಶವಾಣಿ ಕೇಂದ್ರಗಳು ಬಹುಕಾಲದಿಂದ ಮಾಡುತ್ತಾ ಬಂದಿರುವುದು ಇದನ್ನೇ. ಅಲೆ ಎಷ್ಟು ಬೇಗ ಆಡುತ್ತದೆ ಎಂಬುದನ್ನು ಬದಲಿಸಿದರೆ ಎಫ್‌ಎಂ. ಅಲೆ ತನ್ನ ಸುತ್ತಿನಲ್ಲಿ ಈ ಕ್ಷಣಕ್ಕೆ ಎಲ್ಲಿರಬೇಕಿತ್ತೋ ಅದಕ್ಕಿಂತ ಸ್ವಲ್ಪ ಮುಂದೆ ಅಥವಾ ಹಿಂದೆ ಇರುವಂತೆ ಮಾಡಿದರೆ ಪಿಎಂ. ಸುತ್ತಿನಲ್ಲಿ ಅಲೆ ಇರುವ ಈ ಸ್ಥಾನವನ್ನೇ ಫೇಸ್ ಎನ್ನುತ್ತಾರೆ, ಕನ್ನಡ ಪಠ್ಯಪುಸ್ತಕಗಳಲ್ಲಿ ಅದು 'ಪ್ರಾವಸ್ಥೆ'.

ಎಫ್‌ಎಂ ಮತ್ತು ಪಿಎಂ ಎರಡರಲ್ಲೂ ಅಲೆಯ ಎತ್ತರ ಬದಲಾಗುವುದಿಲ್ಲ. ಮಿಂಚು, ಮಿಕ್ಸಿ, ಮೋಟಾರ್ ಇವೆಲ್ಲ ಹೆಚ್ಚಾಗಿ ಕೆಡಿಸುವುದು ಅಲೆಯ ಎತ್ತರವನ್ನು. ಎಫ್‌ಎಂ ರಿಸೀವರ್ ಒಳಗಿನ ಲಿಮಿಟರ್ ಎಂಬ ಭಾಗ ಎತ್ತರದ ಏರಿಳಿತವನ್ನೆಲ್ಲ ಕತ್ತರಿಸಿ ಹಾಕುತ್ತದೆ. ಹಾಡು ಎತ್ತರದಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಅದಕ್ಕೆ ಏಟು ಬೀಳುವುದಿಲ್ಲ.

ಉದ್ಯಾನ್ ಎಕ್ಸ್‌ಪ್ರೆಸ್ ಲೆಕ್ಕ

ಎಫ್‌ಎಂಗೂ ಪಿಎಂಗೂ ಇರುವ ಸಂಬಂಧ ಅರ್ಥವಾಗಲು ಗಣಿತದ ಸೂತ್ರ ಬೇಡ, ಒಂದು ರೈಲು ಸಾಕು. ಮುಂಬೈಯಿಂದ ಬೆಂಗಳೂರಿಗೆ ಹೊರಟ ಉದ್ಯಾನ್ ಎಕ್ಸ್‌ಪ್ರೆಸ್ ಎಲ್ಲೂ ನಿಲ್ಲದೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದಿಟ್ಟುಕೊಳ್ಳಿ. ವೇಳಾಪಟ್ಟಿಯನ್ನೂ ಅದೇ ಲೆಕ್ಕದಲ್ಲಿ ಬರೆಯಲಾಗಿದೆ. ಇಲ್ಲಿ ರೈಲಿನ ವೇಗವೇ ಕಂಪನಾಂಕ. ವೇಳಾಪಟ್ಟಿಗಿಂತ ರೈಲು ಎಷ್ಟು ಕಿಲೋಮೀಟರ್ ಮುಂದಿದೆ ಅಥವಾ ಹಿಂದಿದೆ ಎಂಬುದು ಫೇಸ್.

ಈಗ ವೇಗವನ್ನು 60ರಿಂದ 70ಕ್ಕೆ ಏರಿಸಿದರೆ ಏನಾಗುತ್ತದೆ? ಒಂದು ಗಂಟೆಯ ನಂತರ ರೈಲು ವೇಳಾಪಟ್ಟಿಗಿಂತ 10 ಕಿಲೋಮೀಟರ್ ಮುಂದಿರುತ್ತದೆ. ವೇಗ ಬದಲಾದರೆ ಸ್ಥಾನ ಬದಲಾಗಲೇಬೇಕು. ತಿರುಗಿಸಿ ನೋಡಿ: ರೈಲು ವೇಳಾಪಟ್ಟಿಗಿಂತ ಮುಂದೆ ಹೋಗಬೇಕೆಂದರೆ ವೇಗ ಹೆಚ್ಚಿಸದೆ ಬೇರೆ ದಾರಿಯೇ ಇಲ್ಲ. ಒಂದನ್ನು ಮುಟ್ಟಿದರೆ ಇನ್ನೊಂದು ತಾನಾಗಿಯೇ ಅಲುಗುತ್ತದೆ.

ರೇಡಿಯೋ ಅಲೆಯಲ್ಲೂ ಹೀಗೆಯೇ. ಫೇಸ್ ಬದಲಿಸದೆ ಕಂಪನಾಂಕ ಬದಲಿಸಲು ಆಗುವುದಿಲ್ಲ, ಕಂಪನಾಂಕ ಬದಲಿಸದೆ ಫೇಸ್ ಬದಲಿಸಲು ಆಗುವುದಿಲ್ಲ. ಹಾಗಾಗಿ ಪ್ರತಿಯೊಂದು ಎಫ್‌ಎಂ ಅಲೆಯೂ ಒಂದು ಬಗೆಯಲ್ಲಿ ಪಿಎಂ ಅಲೆಯೇ, ಪ್ರತಿಯೊಂದು ಪಿಎಂ ಅಲೆಯೂ ಎಫ್‌ಎಂ ಅಲೆಯೇ. ಒಂದೇ ಶ್ರುತಿಯ ಏಕನಾದವನ್ನು ಎರಡೂ ರೀತಿಯಲ್ಲಿ ಪ್ರಸಾರ ಮಾಡಿ, ಯಾವುದು ಎಫ್‌ಎಂ, ಯಾವುದು ಪಿಎಂ ಎಂದು ಕೇಳಿದರೆ ಅಲೆಯನ್ನಷ್ಟೇ ನೋಡಿ ಯಾವ ಎಂಜಿನಿಯರೂ ಹೇಳಲಾರರು.

ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಶ್ರುತಿ ಬದಲಾದಾಗ ವ್ಯತ್ಯಾಸ ಹೊರಬೀಳುತ್ತದೆ. ಮತ್ತೆ ರೈಲಿಗೇ ಬರೋಣ.

ರೈಲು 10 ಕಿಲೋಮೀಟರ್ ಮುಂದೆ ಹೋಗಬೇಕು ಎಂಬುದು ಷರತ್ತು. ಅದಕ್ಕೆ ಒಂದು ಗಂಟೆ ಸಮಯ ಕೊಟ್ಟರೆ ವೇಗವನ್ನು 10 ಕಿಲೋಮೀಟರ್ ಹೆಚ್ಚಿಸಿದರೆ ಸಾಕು. ಕಾಲು ಗಂಟೆಯಷ್ಟೇ ಕೊಟ್ಟರೆ ವೇಗವನ್ನು 40 ಕಿಲೋಮೀಟರ್ ಹೆಚ್ಚಿಸಿ 100ಕ್ಕೆ ಒಯ್ಯಬೇಕು. ಇದು ಪಿಎಂ. ಇಲ್ಲಿ ಸ್ಥಾನದ ಬದಲಾವಣೆ ನಿಗದಿಯಾಗಿದೆ, ಹಾಗಾಗಿ ಹಾಡಿನ ಶ್ರುತಿ ಏರಿದಷ್ಟೂ ಅಲೆಯ ಕಂಪನಾಂಕ ಹೆಚ್ಚು ಹೆಚ್ಚು ಓಲಾಡುತ್ತದೆ.

ಈಗ ಷರತ್ತು ಬದಲಿಸಿ: ವೇಗವನ್ನು 10 ಕಿಲೋಮೀಟರಿಗಿಂತ ಹೆಚ್ಚಿಸುವಂತಿಲ್ಲ. ಒಂದು ಗಂಟೆಯಲ್ಲಿ ರೈಲು 10 ಕಿಲೋಮೀಟರ್ ಮುಂದೆ ಹೋದರೆ, ಕಾಲು ಗಂಟೆಯಲ್ಲಿ ಹೋಗುವುದು ಎರಡೂವರೆ ಕಿಲೋಮೀಟರ್ ಮಾತ್ರ. ಇದು ಎಫ್‌ಎಂ. ಇಲ್ಲಿ ಕಂಪನಾಂಕದ ಓಲಾಟ ನಿಗದಿಯಾಗಿದೆ, ಶ್ರುತಿ ಏರಿದಷ್ಟೂ ಫೇಸ್‌ನ ಬದಲಾವಣೆ ಕಡಿಮೆಯಾಗುತ್ತದೆ.

ಪ್ರಸಾರದ ನಿಜವಾದ ಸಂಖ್ಯೆಗಳನ್ನು ಹಾಕಿ ನೋಡಬಹುದು. ಎಫ್‌ಎಂ ಪ್ರಸಾರದಲ್ಲಿ ಕಂಪನಾಂಕ ತನ್ನ ಜಾಗದಿಂದ ಆಚೆ ಈಚೆ ಹೆಚ್ಚೆಂದರೆ 75 ಕಿಲೋಹರ್ಟ್ಜ್ ಓಲಾಡಬಹುದು. ಡೊಳ್ಳಿನಂಥ 50 ಹರ್ಟ್ಜ್ ಸದ್ದು ಈ ಪೂರ್ತಿ ಜಾಗ ಬಳಸಿದಾಗ ಅಲೆಯ ಫೇಸ್ 1,500 ರೇಡಿಯನ್ ಮುಂದೆ ಹೋಗುತ್ತದೆ, ಅಂದರೆ ಸುಮಾರು 239 ಪೂರ್ತಿ ಸುತ್ತು. ತೀರಾ ಕೀರಲು 15 ಕಿಲೋಹರ್ಟ್ಜ್ ಸದ್ದು ಅಷ್ಟೇ ಜಾಗ ಬಳಸಿದರೂ ಫೇಸ್ ಮುಂದೆ ಹೋಗುವುದು 5 ರೇಡಿಯನ್ ಮಾತ್ರ, ಒಂದು ಸುತ್ತೂ ಪೂರ್ತಿಯಾಗದು.

ಇದರಿಂದ ಒಂದು ಉಪಯೋಗದ ಮಾತು ಹೊರಡುತ್ತದೆ. ಹಾಡಿನಲ್ಲಿ ತಗ್ಗಿನ ಸ್ವರಗಳನ್ನು ತಕ್ಕ ಪ್ರಮಾಣದಲ್ಲಿ ಹಿಗ್ಗಿಸಿ, ಏರಿನ ಸ್ವರಗಳನ್ನು ಕುಗ್ಗಿಸಿ ಆಮೇಲೆ ಪಿಎಂ ಯಂತ್ರಕ್ಕೆ ಕೊಟ್ಟರೆ, ಹೊರಬರುವುದು ಅಪ್ಪಟ ಎಫ್‌ಎಂ! ಗಣಿತದಲ್ಲಿ ಈ ಕೆಲಸಕ್ಕೆ ಇಂಟಿಗ್ರೇಷನ್ ಎನ್ನುತ್ತಾರೆ. ಯಂತ್ರದಲ್ಲಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಇದ್ದರೆ ಆಗುವ ಕೆಲಸ ಅದು. ಈ ಸಣ್ಣ ಉಪಾಯದ ಮೇಲೆ ಒಬ್ಬ ಮನುಷ್ಯ ತನ್ನ ಇಡೀ ಬದುಕನ್ನೇ ಪಣಕ್ಕಿಟ್ಟ.

ಆರ್ಮ್‌ಸ್ಟ್ರಾಂಗ್ ಮಾಡಿದ್ದೇನು?

ಆ ಮನುಷ್ಯ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್. 1890ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿಯೇ ಪ್ರಾಧ್ಯಾಪಕರಾದರು. ರೇಡಿಯೋಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಸೂಪರ್‌ಹೆಟರೊಡೈನ್ ವಿಧಾನವನ್ನು 1918ರಲ್ಲಿ ರೂಪಿಸಿದವರು ಇವರೇ.

ಎಫ್‌ಎಂ ಎಂಬ ಆಲೋಚನೆ ಅವರಿಗಿಂತ ಮೊದಲೇ ಇತ್ತು. ಆದರೆ 1922ರಲ್ಲಿ ಅಮೆರಿಕದ ದೂರವಾಣಿ ಸಂಸ್ಥೆ ಎಟಿ ಅಂಡ್ ಟಿಯ ಗಣಿತಜ್ಞ ಜಾನ್ ಕಾರ್ಸನ್ ಒಂದು ಲೇಖನ ಬರೆದು ಅದರ ಆಸೆಗೆ ತಣ್ಣೀರೆರಚಿದ್ದರು. ಕಂಪನಾಂಕವನ್ನು ತುಸುವೇ ಓಲಾಡಿಸಿದರೆ ಪ್ರಸಾರಕ್ಕೆ ಬೇಕಾಗುವ ಜಾಗ ಕಡಿಮೆಯಾಗುತ್ತದೆ ಎಂದು ಹಲವರು ನಂಬಿದ್ದರು. ಹಾಗಾಗುವುದಿಲ್ಲ, ಎಎಂಗಿಂತ ಕಡಿಮೆ ಜಾಗ ಸಾಲುವುದೇ ಇಲ್ಲ ಎಂದು ಕಾರ್ಸನ್ ಲೆಕ್ಕ ಹಾಕಿ ತೋರಿಸಿದರು. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಆರ್ಮ್‌ಸ್ಟ್ರಾಂಗ್ ಅದೇ ಲೆಕ್ಕವನ್ನು ಉಲ್ಟಾ ಓದಿದರು. ಜಾಗ ಉಳಿಸುವ ಆಸೆಯನ್ನೇ ಬಿಟ್ಟು, ಬೇಕಾದಷ್ಟು ಅಗಲವಾಗಿ ಓಲಾಡಿಸಿದರೆ ಗದ್ದಲ ಅಡಗುತ್ತದೆಯೇ ಎಂದು ನೋಡಿದರು. ಅಡಗಿತು. 1933ರ ಡಿಸೆಂಬರ್ 26ರಂದು ಅವರಿಗೆ ಎಫ್‌ಎಂನ ಪೇಟೆಂಟುಗಳು ಸಿಕ್ಕವು.

ಯಂತ್ರ ಕಟ್ಟುವಾಗ ಅವರಿಗೆ ಒಂದು ಇಕ್ಕಟ್ಟಿತ್ತು. ಕೇಂದ್ರದ ಕಂಪನಾಂಕ ಜರುಗದೆ ಒಂದೇ ಕಡೆ ನಿಲ್ಲಬೇಕಾದರೆ ಸ್ಫಟಿಕದ ಆಸಿಲೇಟರ್ ಬೇಕು. ಆದರೆ ಸ್ಫಟಿಕದ ಗುಣವೇ ಕಂಪನಾಂಕವನ್ನು ಬದಲಿಸಲು ಬಿಡದಿರುವುದು. ಅದನ್ನು ಹಾಡಿನ ತಾಳಕ್ಕೆ ಓಲಾಡಿಸುವುದು ಹೇಗೆ? ಆರ್ಮ್‌ಸ್ಟ್ರಾಂಗ್ ಸ್ಫಟಿಕವನ್ನು ಮುಟ್ಟಲೇ ಇಲ್ಲ. ಅದರಿಂದ ಹೊರಬಂದ ಅಲೆಯ ಫೇಸನ್ನು ಮಾತ್ರ ತುಸು ಮುಂದೆ ಹಿಂದೆ ತಳ್ಳಿದರು. ತಳ್ಳುವ ಮುನ್ನ ಹಾಡಿನ ತಗ್ಗಿನ ಸ್ವರಗಳನ್ನು ಹಿಗ್ಗಿಸಿ, ಏರಿನ ಸ್ವರಗಳನ್ನು ಕುಗ್ಗಿಸಿದ್ದರು. ಅಂದರೆ ಮಾಡಿದ್ದು ಪಿಎಂ, ಸಿಕ್ಕಿದ್ದು ಎಫ್‌ಎಂ.

ಫೇಸನ್ನು ಹೀಗೆ ತಳ್ಳುವಾಗ ಸುಮಾರು ಅರ್ಧ ರೇಡಿಯನ್ ದಾಟಿದರೆ ಧ್ವನಿ ಕೆಡುತ್ತದೆ. ಬೇಕಾಗಿದ್ದು 1,500 ರೇಡಿಯನ್, ಅಂದರೆ ಮೂರು ಸಾವಿರ ಪಟ್ಟು. ಅದಕ್ಕೆ ಅವರು ಅಲೆಯ ಕಂಪನಾಂಕವನ್ನೇ ಹಂತಹಂತವಾಗಿ ಗುಣಿಸುತ್ತಾ ಹೋದರು. ಕಾಲೇಜಿನ ಪುಸ್ತಕಗಳಲ್ಲಿ ಈ ವಿಧಾನಕ್ಕೆ ಒಂದು ಮಾದರಿ ಲೆಕ್ಕವಿದೆ: 200 ಕಿಲೋಹರ್ಟ್ಜ್ ಅಲೆಯಲ್ಲಿ 25 ಹರ್ಟ್ಜ್ ಓಲಾಟ. ಅದನ್ನು 64ರಿಂದ ಗುಣಿಸಿ, ನಡುವೆ ಇನ್ನೊಂದು ಅಲೆಯ ಜೊತೆ ಬೆರೆಸಿ ಕಂಪನಾಂಕವನ್ನಷ್ಟೇ ಕೆಳಗಿಳಿಸಿ, ಮತ್ತೆ 48ರಿಂದ ಗುಣಿಸಿದರೆ 91.2 ಮೆಗಾಹರ್ಟ್ಜ್‌ನಲ್ಲಿ 76.8 ಕಿಲೋಹರ್ಟ್ಜ್ ಓಲಾಟ ಸಿಗುತ್ತದೆ. ಬೆರೆಸುವಾಗ ಕಂಪನಾಂಕ ಕಡಿಮೆಯಾದರೂ ಓಲಾಟ ಹಾಗೇ ಉಳಿಯುವುದು ಇದರ ಗುಟ್ಟು.

1935ರ ನವೆಂಬರಿನಲ್ಲಿ ನ್ಯೂಯಾರ್ಕಿನ ರೇಡಿಯೋ ಎಂಜಿನಿಯರುಗಳ ಸಭೆಯಲ್ಲಿ ಆರ್ಮ್‌ಸ್ಟ್ರಾಂಗ್ ಇದನ್ನು ತೋರಿಸಿದರು. ಯಾಂಕರ್ಸ್‌ನಲ್ಲಿದ್ದ ಗೆಳೆಯರೊಬ್ಬರ ಮನೆಯಿಂದ ಪ್ರಸಾರ. ಲೋಟಕ್ಕೆ ನೀರು ಸುರಿದ ಸದ್ದು, ಕಾಗದ ಮುದುಡಿದ ಸದ್ದು ಪಕ್ಕದಲ್ಲೇ ಆದಂತೆ ಕೇಳಿಸಿತು. ಕರಕರ ಎನ್ನುವ ಎಎಂಗೆ ಒಗ್ಗಿಹೋಗಿದ್ದ ಕಿವಿಗಳಿಗೆ ಅದು ಹೊಸ ಅನುಭವ.

ಮುಂದಿನ ಕಥೆ ದುಃಖದ್ದು. 1945ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಎಫ್‌ಎಂಗೆ ಕೊಟ್ಟಿದ್ದ ಜಾಗವನ್ನು ಈಗಿನ 88-108 ಮೆಗಾಹರ್ಟ್ಜ್ ಕಡೆಗೆ ಸರಿಸಿತು. ಜನರ ಕೈಯಲ್ಲಿದ್ದ ಹಳೆಯ ಎಫ್‌ಎಂ ರಿಸೀವರುಗಳು ಕೆಲಸಕ್ಕೆ ಬಾರದಾದವು. 1948ರಲ್ಲಿ ಆರ್ಮ್‌ಸ್ಟ್ರಾಂಗ್ ಪೇಟೆಂಟ್ ಹಕ್ಕಿಗಾಗಿ ಆರ್‌ಸಿಎ ಕಂಪನಿಯ ಮೇಲೆ ಮೊಕದ್ದಮೆ ಹೂಡಿದರು. ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ಹಣ, ಆರೋಗ್ಯ, ಸಂಸಾರದ ನೆಮ್ಮದಿ ಎಲ್ಲವೂ ಕರಗಿತು. 1954ರ ಜನವರಿ 31ರ ರಾತ್ರಿ ಅವರು ಆತ್ಮಹತ್ಯೆ ಮಾಡಿಕೊಂಡರು. ಪತ್ನಿ ಮರಿಯನ್ ಮೊಕದ್ದಮೆಗಳನ್ನು ಬಿಡಲಿಲ್ಲ. ಅದೇ ವರ್ಷ ಆರ್‌ಸಿಎ ಸುಮಾರು 10 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಕೊನೆಯ ಮೊಕದ್ದಮೆಯನ್ನು ಮರಿಯನ್ ಗೆದ್ದದ್ದು 1967ರಲ್ಲಿ.

ಡೊಳ್ಳು ಎಫ್‌ಎಂ, ತಾಳ ಪಿಎಂ

ಹುಟ್ಟಿದ್ದು ಪಿಎಂನಿಂದಾದರೂ ಪ್ರಸಾರಕ್ಕೆ ಎಫ್‌ಎಂ ಅನ್ನೇ ಏಕೆ ಆರಿಸಿಕೊಂಡರು? ಪಿಎಂ ಬಳಸಿದರೆ ಜಾಗವೆಲ್ಲ ಏರಿನ ಸ್ವರಗಳ ಪಾಲಾಗುತ್ತದೆ. 15 ಕಿಲೋಹರ್ಟ್ಜ್ ಸದ್ದಿಗೆ 75 ಕಿಲೋಹರ್ಟ್ಜ್ ಓಲಾಟ ಸಿಗುವಂತೆ ಯಂತ್ರ ಹೊಂದಿಸಿದರೆ, 50 ಹರ್ಟ್ಜ್ ಡೊಳ್ಳಿಗೆ ಸಿಗುವುದು ಬರೀ 250 ಹರ್ಟ್ಜ್. ಎಫ್‌ಎಂನಲ್ಲಿ ಇಬ್ಬರಿಗೂ ಸಮಪಾಲು.

ಆದರೆ ಎಫ್‌ಎಂಗೂ ಒಂದು ಕೊರತೆಯಿದೆ. ಗದ್ದಲ ಅಲೆಯ ಎತ್ತರವನ್ನಷ್ಟೇ ಅಲ್ಲ, ಫೇಸನ್ನೂ ಸ್ವಲ್ಪ ಅಲುಗಿಸುತ್ತದೆ. ಓಡುವ ರೈಲಿಗೆ ಅಲ್ಲಲ್ಲಿ ಸಣ್ಣ ಕುಲುಕು ಬಿದ್ದ ಹಾಗೆ. ಎಫ್‌ಎಂ ರಿಸೀವರ್ ಓದುವುದು ವೇಗವನ್ನು. ನಿಧಾನಕ್ಕೆ ಬಂದ ಕುಲುಕಿನಿಂದ ವೇಗ ಹೆಚ್ಚು ಬದಲಾಗುವುದಿಲ್ಲ, ಥಟ್ಟನೆ ಬಂದ ಅಷ್ಟೇ ಕುಲುಕಿನಿಂದ ಬಹಳ ಬದಲಾಗುತ್ತದೆ. ಹಾಗಾಗಿ ಶ್ರುತಿ ಏರಿದಂತೆ ಗದ್ದಲವೂ ಏರುತ್ತದೆ: 1 ಕಿಲೋಹರ್ಟ್ಜ್‌ನಲ್ಲಿ ಇದ್ದದ್ದು 10 ಕಿಲೋಹರ್ಟ್ಜ್‌ನಲ್ಲಿ ಹತ್ತು ಪಟ್ಟು. ಸಿಗ್ನಲ್ ಕಡಿಮೆಯಾದಾಗ ಎಫ್‌ಎಂನಲ್ಲಿ ಕೇಳುವುದು ಗುಡುಗುಡು ಅಲ್ಲ, 'ಸುಯ್' ಎನ್ನುವ ಸದ್ದು. ಕಾರಣ ಇದೇ. ಪಿಎಂನಲ್ಲಿ ಈ ತೊಂದರೆಯಿಲ್ಲ, ಅಲ್ಲಿ ಗದ್ದಲ ಎಲ್ಲ ಸ್ವರಗಳಿಗೂ ಒಂದೇ ಸಮ.

ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ದಾರಿ ಸರಳ: ಪ್ರಸಾರಕ್ಕೆ ಮುನ್ನ ಏರಿನ ಸ್ವರಗಳನ್ನು ಎತ್ತಿ ಕಳಿಸುವುದು, ರಿಸೀವರಿನಲ್ಲಿ ಅಷ್ಟೇ ತಗ್ಗಿಸುವುದು. ತಗ್ಗಿಸುವಾಗ ಹಾಡು ಮೊದಲಿದ್ದ ಹಾಗೇ ಆಗುತ್ತದೆ, ದಾರಿಯಲ್ಲಿ ಸೇರಿಕೊಂಡ 'ಸುಯ್' ಮಾತ್ರ ಅಡಗುತ್ತದೆ. ಎತ್ತುವುದಕ್ಕೆ ಪ್ರೀ-ಎಂಫಸಿಸ್, ತಗ್ಗಿಸುವುದಕ್ಕೆ ಡೀ-ಎಂಫಸಿಸ್ ಎಂದು ಹೆಸರು. ಭಾರತ ಮತ್ತು ಯುರೋಪಿನಲ್ಲಿ ಇದರ ಅಳತೆ 50 ಮೈಕ್ರೋಸೆಕೆಂಡ್, ಅಮೆರಿಕದಲ್ಲಿ 75.

50 ಮೈಕ್ರೋಸೆಕೆಂಡ್ ಎಂದರೆ ಸುಮಾರು 3,200 ಹರ್ಟ್ಜ್‌ನ ಸುತ್ತಮುತ್ತ ಎತ್ತುವ ಕೆಲಸ ಶುರು. ಅಲ್ಲಿಂದ ಮೇಲೆ ಶ್ರುತಿ ಏರಿದಷ್ಟೂ ಕಂಪನಾಂಕದ ಓಲಾಟವೂ ಹೆಚ್ಚುತ್ತಾ ಹೋಗುತ್ತದೆ. 15 ಕಿಲೋಹರ್ಟ್ಜ್ ಹೊತ್ತಿಗೆ ಅದು ಸುಮಾರು 4.8 ಪಟ್ಟು. ಶ್ರುತಿ ಏರಿದಂತೆ ಓಲಾಟ ಏರುವುದು ಯಾವುದರ ಗುಣ? ಪಿಎಂನದು!

ಅಂದರೆ 101.3ರಲ್ಲಿ ಜಾನಪದ ಗೀತೆಯೊಂದು ಬರುತ್ತಿದ್ದರೆ, ಡೊಳ್ಳಿನ ಗುಡುಗು ಮತ್ತು ಗಾಯಕರ ಕಂಠದ ಬಹುಭಾಗ ಎಫ್‌ಎಂನಲ್ಲಿ ಬರುತ್ತದೆ. ತಾಳದ ಕಿಣಿಕಿಣಿ, ಗೆಜ್ಜೆಯ ಝಲ್, 'ಸ' ಮತ್ತು 'ಶ' ಅಕ್ಷರಗಳ ಸೀಳು ಸದ್ದು ಹೆಚ್ಚುಕಡಿಮೆ ಪಿಎಂ ರೀತಿಯಲ್ಲಿ ಬರುತ್ತವೆ. ಹಾಡಿನಲ್ಲಿ ಏರಿನ ಸ್ವರಗಳ ಬಲ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಅವನ್ನು ಎತ್ತಿದರೂ ಜಾಗ ಸಾಲುತ್ತದೆ.

ಅಮೆರಿಕದಿಂದ ತಂದ ರೇಡಿಯೋ ನಮ್ಮಲ್ಲಿ ತುಸು ಮಂಕಾಗಿ ಕೇಳಿಸುವುದಕ್ಕೂ ಇದೇ ಕಾರಣ. ನಾವು ಎತ್ತಿದ್ದಕ್ಕಿಂತ ಅದು ಹೆಚ್ಚು ತಗ್ಗಿಸುತ್ತದೆ. ಕೆಲವು ರೇಡಿಯೋಗಳ ಸೆಟ್ಟಿಂಗ್‌ನಲ್ಲಿ 50 ಮತ್ತು 75ರ ಆಯ್ಕೆ ಇರುತ್ತದೆ, ಭಾರತದಲ್ಲಿ 50 ಇಟ್ಟರೆ ಸರಿಹೋಗುತ್ತದೆ.

ಮುಂಬೈಯಲ್ಲಿ ಬೆಂಗಳೂರು ಎಫ್‌ಎಂ ಏಕಿಲ್ಲ?

ಭಾರತದಲ್ಲಿ ಎಫ್‌ಎಂ ಪ್ರಸಾರ ಮೊದಲು ಶುರುವಾದದ್ದು 1977ರ ಜುಲೈ 23ರಂದು ಮದರಾಸಿನಲ್ಲಿ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈ 3ರಂದು ಬೆಂಗಳೂರಿನಲ್ಲಿ ಶುರುವಾದ ರೇಡಿಯೋ ಸಿಟಿ.

ರಾತ್ರಿ ಹೊತ್ತು ಮಧ್ಯಮ ತರಂಗದಲ್ಲಿ ದೂರದ ಊರಿನ ಕೇಂದ್ರಗಳು ಸಿಗುತ್ತವೆ, ಎಫ್‌ಎಂನಲ್ಲಿ ಸಿಗುವುದಿಲ್ಲ. ಇದು ಎಫ್‌ಎಂನ ದೋಷ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಮಧ್ಯಮ ತರಂಗ ರಾತ್ರಿ ವಾತಾವರಣದ ಮೇಲಿನ ಪದರಕ್ಕೆ ಬಡಿದು ಮರಳುತ್ತದೆ. 100 ಮೆಗಾಹರ್ಟ್ಜ್ ಆಸುಪಾಸಿನ ಅಲೆ ಸಾಮಾನ್ಯವಾಗಿ ಆ ಪದರವನ್ನು ತೂರಿಕೊಂಡು ಹೊರಟುಹೋಗುತ್ತದೆ. ಅದರ ಮೇಲೆ ಹಾಡನ್ನು ಎಎಂನಲ್ಲಿ ಕೂರಿಸಿದರೂ ಮುಂಬೈ ತಲುಪದು.

ಹಾಗಿದ್ದೂ ಅಷ್ಟು ಮೇಲಿನ ಕಂಪನಾಂಕವನ್ನೇ ಆರಿಸಿದ್ದು ಜಾಗಕ್ಕಾಗಿ. ಸ್ಟೀರಿಯೋ ಇಲ್ಲದ ಎಫ್‌ಎಂಗೆ 75 ಮತ್ತು 15 ಕೂಡಿಸಿ ಎರಡರಿಂದ ಗುಣಿಸಿದಷ್ಟು, ಅಂದರೆ 180 ಕಿಲೋಹರ್ಟ್ಜ್ ಬೇಕು. ಮಧ್ಯಮ ತರಂಗದಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ನಮ್ಮಲ್ಲಿರುವ ಅಂತರ 9 ಕಿಲೋಹರ್ಟ್ಜ್. ಅಂಥ ಇಪ್ಪತ್ತು ಕೇಂದ್ರಗಳ ಜಾಗ ಒಂದು ಎಫ್‌ಎಂಗೆ! ಈ ಲೆಕ್ಕಕ್ಕೆ ಇಂದು 'ಕಾರ್ಸನ್ ನಿಯಮ' ಎಂದೇ ಹೆಸರು. ಎಫ್‌ಎಂ ಆಸೆಗೆ ತಣ್ಣೀರೆರಚಿದ ಅದೇ ಕಾರ್ಸನ್.

ಪಿಎಂ ಈಗ ಎಲ್ಲಿದೆ?

ವಾಕಿಟಾಕಿಗಳಲ್ಲಿ ಬಹುಕಾಲದಿಂದ ಪಿಎಂ ಇದೆ, ಜನ ಅದನ್ನೂ ಎಫ್‌ಎಂ ಎಂದೇ ಕರೆಯುತ್ತಾರೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮಾತ್ರ ಇವೆರಡಕ್ಕೂ ಬೇರೆ ಬೇರೆ ಗುರುತು ಕೊಟ್ಟಿದೆ: ಧ್ವನಿ ಸಾಗಿಸುವ ಎಫ್‌ಎಂಗೆ 'ಎಫ್3ಇ', ಪಿಎಂಗೆ 'ಜಿ3ಇ'. ಜಿಪಿಎಸ್ ಉಪಗ್ರಹಗಳು ಮತ್ತು ನಮ್ಮ ನಾವಿಕ್ ಉಪಗ್ರಹಗಳು ಸೊನ್ನೆ, ಒಂದುಗಳನ್ನು ಕಳಿಸುವುದು ಫೇಸನ್ನು ತಿರುಗಿಸಿಯೇ. ಗಗನನೌಕೆಗಳ ಜೊತೆಗಿನ ಮಾತುಕತೆಯಲ್ಲೂ ಫೇಸ್ ಮಾಡ್ಯುಲೇಷನ್ ಬಹಳ ಬಳಕೆಯಲ್ಲಿದೆ. ಅದರಲ್ಲಿ ಫೇಸನ್ನು ಮಿತವಾಗಿ ಬದಲಿಸಿ ವಾಹಕ ಅಲೆಯ ಒಂದು ಪಾಲನ್ನು ಹಾಗೇ ಉಳಿಸಿಕೊಳ್ಳಬಹುದು, ನೌಕೆಯ ವೇಗ ಅಳೆಯಲು ಆ ಅಲೆ ಬೇಕು.

ಇನ್ನು ಇಂದಿನ ಡಿಜಿಟಲ್ ಎಫ್‌ಎಂ ಟ್ರಾನ್ಸ್‌ಮಿಟರ್ ಒಳಗೆ ಇಣುಕಿದರೆ, ಅಲ್ಲೊಂದು ಲೆಕ್ಕದ ಯಂತ್ರವಿರುತ್ತದೆ. ಪ್ರತಿ ಕ್ಷಣದ ಕಂಪನಾಂಕವನ್ನು ಕೂಡಿಸುತ್ತಾ ಕೂಡಿಸುತ್ತಾ ಅದು ಲೆಕ್ಕ ಹಾಕುವುದು ಫೇಸನ್ನು. ಡಿಜಿಟಲ್ ರಿಸೀವರ್ ಮಾಡುವುದು ಇದರ ಉಲ್ಟಾ: ಈ ಕ್ಷಣದ ಫೇಸ್‌ನಿಂದ ಹಿಂದಿನ ಕ್ಷಣದ ಫೇಸನ್ನು ಕಳೆದು ಹಾಡನ್ನು ಹೊರತೆಗೆಯುತ್ತದೆ. ಗುಣಿಸುವ ಸರ್ಕ್ಯೂಟುಗಳ ಸಾಲು ಹೋಗಿ ಚಿಪ್ ಬಂದಿದೆ. ಫೇಸ್ ಮೂಲಕ ಎಫ್‌ಎಂ ಮಾಡುವ ಆರ್ಮ್‌ಸ್ಟ್ರಾಂಗ್ ಉಪಾಯ ಮಾತ್ರ ಆ ಚಿಪ್ಪಿನಲ್ಲೂ ನಡೆಯುತ್ತಲೇ ಇದೆ.